ಅವಳನ್ನ ಜಾಸ್ತಿ ಹೊತ್ತು ಯಾಕೆ ಆಡಿಸಲ್ಲ?

ಒಂದು ಪಂದ್ಯದಲ್ಲಿ ಹಂಚುವುದಕ್ಕೆ ಇರುವುದು 200 ನಿಮಿಷ. ಅಮೆರಿಕದ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಹತ್ತು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಕೋರ್ಟಿನಲ್ಲಿ ತಂಡದ ಐದು ಜನ. ಐದು ನಲವತ್ತಲ ಇನ್ನೂರು. ಓವರ್‌ಟೈಮ್‌ಗೆ ಹೋದರೆ ಇನ್ನೊಂದು 25 ಸಿಗುತ್ತದೆ, ಅಷ್ಟೇ. ತಂಡದಲ್ಲಿ ಮಾತ್ರ ಹದಿಮೂರೋ ಹದಿನಾಲ್ಕೋ ಹುಡುಗಿಯರು. ಬಹುತೇಕ ಎಲ್ಲರೂ ಅವರವರ ಹೈಸ್ಕೂಲಿನಲ್ಲಿ ಸ್ಟಾರ್ ಆಗಿದ್ದವರೇ.

ನಾನು ಇಲ್ಲಿನ ಒಂದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಡೇಟಾ ಅನಾಲಿಸ್ಟ್. ಆ 200 ನಿಮಿಷದಲ್ಲಿ ಯಾರಿಗೆ ಎಷ್ಟು ಹೋಯಿತು, ಅವಳ ಜೊತೆ ಯಾರಿದ್ದರು, ಆಗ ಸ್ಕೋರ್ ಏನಾಯಿತು ಎಂದು ಲೆಕ್ಕ ಹಾಕಿ ಕೋಚ್‌ಗಳ ಮುಂದೆ ಇಡುವುದು ನನ್ನ ಕೆಲಸ.

ಸೀಸನ್ ನವೆಂಬರ್ ಮೊದಲಲ್ಲಿ ಶುರುವಾಗಿ ಏಪ್ರಿಲ್ ಮೊದಲಲ್ಲಿ ಮುಗಿಯುತ್ತದೆ. ಅಂದರೆ ಹೆಚ್ಚುಕಡಿಮೆ ರಾಜ್ಯೋತ್ಸವದಿಂದ ಯುಗಾದಿವರೆಗೆ. ಹಾಗಾಗಿ ನಮ್ಮ ಕನ್ನಡ ಸಂಘದ ಎರಡೂ ದೊಡ್ಡ ಕಾರ್ಯಕ್ರಮಗಳಲ್ಲಿ ನನಗೆ ಪ್ರಶ್ನೆ ತಪ್ಪಿದ್ದಲ್ಲ. ಮಕ್ಕಳನ್ನು ಕರೆದುಕೊಂಡು ಮಹಿಳೆಯರ ಪಂದ್ಯಕ್ಕೆ ಹೋಗುವ ಕನ್ನಡದವರು ಈಗ ಸಾಕಷ್ಟಿದ್ದಾರೆ. ಐಯೋವಾ ಕಾಲೇಜು ತಂಡದ ಸ್ಟಾರ್ ಆಗಿದ್ದ ಕೈಟ್ಲಿನ್ ಕ್ಲಾರ್ಕ್ ಹಚ್ಚಿದ ಹುಚ್ಚು ಅದು. ಬಿಸಿಬೇಳೆ ಬಾತ್ ತಟ್ಟೆ ಕೈಯಲ್ಲಿ ಹಿಡಿದೇ ಕೇಳುತ್ತಾರೆ: “ಅಕ್ಕಾ, ಆ ಹೊಸ ಹುಡುಗಿ ಬಂದ ತಕ್ಷಣ ಸ್ಕೋರ್ ಏರುತ್ತೆ. ಮತ್ಯಾಕೆ ಅವಳನ್ನ ಕೂರಿಸ್ತಾರೆ? ಕೋಚ್‌ಗೆ ಕಣ್ಣು ಕಾಣಲ್ವಾ?”

ಕೆ.ಎಲ್. ರಾಹುಲ್ ಓಪನಿಂಗ್ ಬರಬೇಕೋ ಐದನೇ ನಂಬರಿಗೆ ಬರಬೇಕೋ ಎಂದು ನಾವು ವರ್ಷಗಟ್ಟಲೆ ಜಗಳ ಆಡಿದ್ದೀವಲ್ಲ, ಅದೇ ತರಹ ಇದು. ಆದರೆ ಕ್ರಿಕೆಟ್‌ನಲ್ಲಿ ಹನ್ನೊಂದರೊಳಗೆ ಬಂದವನು ಪಂದ್ಯ ಮುಗಿಯುವವರೆಗೂ ತಂಡದಲ್ಲಿ ಇರುತ್ತಾನೆ. ಇಲ್ಲಿ ನಿಮಿಷ ನಿಮಿಷಕ್ಕೂ ಜಾಗ ಕೈ ಬದಲಾಗುತ್ತದೆ. ಜಗಳಕ್ಕೆ ವಿಷಯವೂ ಅಷ್ಟೇ ಜಾಸ್ತಿ.

ಮೊದಲು ನಿಮಿಷ ಹೇಗೆ ದಾಖಲಾಗುತ್ತದೆ ನೋಡಿ. ಕೋರ್ಟಿನ ಪಕ್ಕದ ಉದ್ದ ಟೇಬಲ್‌ನಲ್ಲಿ ಗಡಿಯಾರ ನಡೆಸುವವರು, ಸ್ಕೋರ್ ಪುಸ್ತಕ ಬರೆಯುವವರು, ಜೊತೆಗೆ ಅಂಕಿಅಂಶದವರು ಇರುತ್ತಾರೆ. ಅಂಕಿಅಂಶದವರಲ್ಲಿ ಒಬ್ಬರು ಆಟದಿಂದ ಕಣ್ಣು ತೆಗೆಯದೆ ಕೂಗಿ ಹೇಳುತ್ತಾರೆ. ಇನ್ನೊಬ್ಬರು ಪರದೆಯಿಂದ ಕಣ್ಣು ತೆಗೆಯದೆ ಕೀಲಿ ಒತ್ತುತ್ತಾರೆ. “ಮೂರು ಒಳಗೆ, ಹನ್ನೊಂದು ಹೊರಗೆ.” ಒಳಗೆ ಹೋಗಬೇಕಾದವಳು ಟೇಬಲ್ ಹತ್ತಿರ ಬಂದು ಹೇಳಿ, ಅಲ್ಲೇ ಕಾಯುತ್ತಾಳೆ. ಆಟ ನಿಂತು, ಹಾರ್ನ್ ಆಗಿ, ರೆಫರಿ ಕೈ ಬೀಸಿದ ಮೇಲೇ ಅವಳು ಹೋಗುವುದು. ಮೂರ್ನಾಲ್ಕು ಜನ ಒಟ್ಟಿಗೆ ಬದಲಾದಾಗ ಟೇಬಲ್‌ನಲ್ಲಿ ಒಂದು ಕ್ಷಣ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಒಂದು ನಂಬರ್ ತಪ್ಪಿದರೂ ಮುಂದಿನ ಬದಲಾವಣೆವರೆಗೆ ಇಬ್ಬರ ನಿಮಿಷ ಅದಲುಬದಲು. ಆಮೇಲೆ ವಿಡಿಯೋ ಹಾಕಿಕೊಂಡು ಸರಿಮಾಡಬೇಕು.

ಅಭಿಮಾನಿಗಳಿಗೆ ತಲೆಕೆಡುವುದು ಇಲ್ಲಿಯ ಇನ್ನೊಂದು ವಿಷಯಕ್ಕೆ. ಟಿವಿ ಪಂದ್ಯಗಳಲ್ಲಿ ಕ್ವಾರ್ಟರಿನ ಗಡಿಯಾರ ಐದು ನಿಮಿಷಕ್ಕೆ ಇಳಿದ ಮೇಲೆ ಆಟ ಮೊದಲ ಸಲ ನಿಂತಾಗ ಜಾಹೀರಾತಿನ ಟೈಮ್‌ಔಟ್ ಸಿಗುತ್ತದೆ. ಕೋಚ್‌ಗಳಿಗೆ ಇದು ಬಾಯಿಪಾಠ. ಐದೂವರೆ ನಿಮಿಷ ಉಳಿದಿರುವಾಗ ಚೆಂಡು ಹೊರಗೆ ಹೋಯಿತು ಅಂದುಕೊಳ್ಳಿ. ಆಗಷ್ಟೇ ಮೂರು ಪಾಯಿಂಟ್ ಹೊಡೆದ ಹುಡುಗಿಯನ್ನು ಕೋಚ್ ಹೊರಗೆ ಕರೆಯುತ್ತಾರೆ. ಗ್ಯಾಲರಿಯಲ್ಲಿ ಬೊಬ್ಬೆ. ಆದರೆ ಅವಳು ಗಡಿಯಾರದಲ್ಲಿ ಕಳೆದುಕೊಂಡದ್ದು ಬರೀ ಅರ್ಧ ಮುಕ್ಕಾಲು ನಿಮಿಷ. ಟೈಮ್‌ಔಟ್ ಸೇರಿಸಿದರೆ ಕೂತು ಉಸಿರು ತೆಗೆದುಕೊಳ್ಳಲು ಅವಳಿಗೆ ಸಿಕ್ಕಿದ್ದು ಮೂರ್ನಾಲ್ಕು ನಿಮಿಷ. ನಾಲ್ಕನೇ ಕ್ವಾರ್ಟರಿನ ಕೊನೆಯಲ್ಲಿ ಅವಳ ಕಾಲಲ್ಲಿ ಶಕ್ತಿ ಇರಲಿ ಅಂತ ಮೊದಲ ಕ್ವಾರ್ಟರಿನಲ್ಲೇ ಮಾಡುವ ಉಳಿತಾಯ ಅದು.

ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ಕೊಡುತ್ತಿದ್ದ ವರದಿಯಲ್ಲಿ ಒಂದು ಪಟ್ಟಿ ಇರುತ್ತಿತ್ತು: ಯಾರನ್ನು ಇನ್ನೂ ಜಾಸ್ತಿ ಆಡಿಸಬಹುದು ಅಂತ. ನಮ್ಮ ಹೆಡ್ ಕೋಚ್ ಅದನ್ನು ಪೂರ್ತಿ ಓದಿದರು. ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೇಳಿದರು: “ಇವಳಿಗೆ ಆರು ನಿಮಿಷ ಜಾಸ್ತಿ ಅಂತೀಯ. ಸರಿ. ಯಾರದ್ದು ಕಿತ್ತುಕೊಳ್ಳಲಿ?” ಬೈಗುಳದ ದನಿ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಅವತ್ತಿಂದ ನನ್ನ ವರದಿಯ ರೂಪವೇ ಬೇರೆ. ಒಬ್ಬಳ ಹೆಸರಿನ ಮುಂದೆ ಪ್ಲಸ್ ಆರು ಅಂತ ಬರೆದರೆ ಇನ್ನೊಬ್ಬಳ ಮುಂದೆ ಮೈನಸ್ ಆರು ಬರಲೇಬೇಕು. ಕೊನೆಯಲ್ಲಿ ಕೂಡಿಸಿದರೆ 200 ಆಗಬೇಕು.

ಇಷ್ಟು ಮಾಡಿದ್ದಕ್ಕೇ ಅರ್ಧ ಸಲಹೆಗಳು ತಾವಾಗೇ ಉದುರಿಹೋದವು. ಯಾಕೆಂದರೆ ಹೊಸ ಹುಡುಗಿ ಒಳ್ಳೆಯವಳಾ ಅನ್ನುವುದು ಸುಲಭದ ಪ್ರಶ್ನೆ. ಅವಳ ಜಾಗದಲ್ಲಿ ಈಗ ಆಡುತ್ತಿರುವವಳಿಗಿಂತ, ಆ ಹೊತ್ತಿಗೆ, ಆ ಎದುರಾಳಿ ಮುಂದೆ, ಉಳಿದ ನಾಲ್ವರ ಜೊತೆ ಅವಳು ಮೇಲಾ? ಕಷ್ಟ ಇರುವುದು ಇಲ್ಲಿ. ಸಂಘದಲ್ಲಿ ಕೇಳುವವರಿಗೂ ಈಗ ಇದನ್ನೇ ತಿರುಗಿಸಿ ಕೇಳುತ್ತೇನೆ: “ಯಾರನ್ನ ಕೂರಿಸೋಣ ಹೇಳು.” ಕೆಲವರು ನಗುತ್ತಾರೆ. ಕೆಲವರು ಮುಂದಿನ ಪಂದ್ಯಕ್ಕೆ ನಿಜವಾಗಿಯೂ ಲೆಕ್ಕ ಬರೆದುಕೊಂಡು ಬರುತ್ತಾರೆ. ಅವರ ಜೊತೆ ಮಾತಾಡುವುದು ನನಗೆ ಬಹಳ ಇಷ್ಟ.

“ಉಳಿದ ನಾಲ್ವರ ಜೊತೆ” ಅಂದೆನಲ್ಲ, ಅದರ ಗಾತ್ರ ನೋಡಿ. ಹತ್ತು ಜನರನ್ನು ಆಡಿಸುವ ಕೋಚ್ ಐದೈದು ಜನರ 252 ಬೇರೆ ಬೇರೆ ಗುಂಪು ಮಾಡಬಹುದು. ಸೀಸನ್‌ನಲ್ಲಿ ಇರುವುದೇ ಮೂವತ್ತು ಚಿಲ್ಲರೆ ಪಂದ್ಯ. ಬಹಳಷ್ಟು ಗುಂಪುಗಳಿಗೆ ಇಡೀ ಸೀಸನ್ ಸೇರಿ ಒಂದು ಕ್ವಾರ್ಟರಿನಷ್ಟು ಹೊತ್ತೂ ಸಿಗುವುದಿಲ್ಲ. ಅಭಿಮಾನಿಗಳು ತುಂಬಾ ನೆಚ್ಚಿಕೊಳ್ಳುವ ಪ್ಲಸ್-ಮೈನಸ್ ಇಲ್ಲೇ ಕೈಕೊಡುತ್ತದೆ. ಆಟಗಾರ್ತಿ ಕೋರ್ಟಿನಲ್ಲಿದ್ದಾಗ ತಂಡ ಎಷ್ಟು ಪಾಯಿಂಟ್ ಮುಂದಾಯಿತು, ಎಷ್ಟು ಹಿಂದಾಯಿತು ಅನ್ನುವ ಲೆಕ್ಕ ಅದು. ಒಬ್ಬಳು ಯಾವಾಗಲೂ ನಮ್ಮ ಒಳ್ಳೆಯ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವಳು) ಜೊತೆಗೇ ಒಳಗೆ ಬಂದರೆ, ಆ ಗಾರ್ಡಿನ ಪುಣ್ಯವೆಲ್ಲ ಇವಳ ಖಾತೆಗೂ ಬೀಳುತ್ತದೆ. ಎದುರಾಳಿ ತಮ್ಮ ಮುಖ್ಯ ಆಟಗಾರ್ತಿಯರನ್ನು ಕೂರಿಸಿದಾಗ ಬಂದರೂ ಅಷ್ಟೇ.

ನವೆಂಬರ್ ಪಂದ್ಯಗಳದ್ದು ಇನ್ನೊಂದು ಕಥೆ. ಆಗ ದೊಡ್ಡ ತಂಡಗಳು ಸಣ್ಣ ಕಾಲೇಜುಗಳನ್ನು ಕರೆಸಿ ಆಡುತ್ತವೆ. ಮೂವತ್ತು ನಲವತ್ತು ಪಾಯಿಂಟ್ ಅಂತರ. ಬೆಂಚಿನಲ್ಲಿದ್ದವರೆಲ್ಲ ಆಡುತ್ತಾರೆ, ಹೊಸಬರು ಮಿಂಚುತ್ತಾರೆ. ಜನವರಿಯಲ್ಲಿ ಕಾನ್ಫರೆನ್ಸ್ ಪಂದ್ಯ, ಅಂದರೆ ನಮ್ಮದೇ ಗುಂಪಿನ ಕಾಲೇಜುಗಳ ಜೊತೆಗಿನ ಪಂದ್ಯ, ಬಿಗಿಯಾದಾಗ ಆಡುವವರ ಸಂಖ್ಯೆ ಏಳೆಂಟಕ್ಕೆ ಇಳಿಯುತ್ತದೆ. ಅಭಿಮಾನಿಗಳ ತಲೆಯಲ್ಲಿ ಮಾತ್ರ ನವೆಂಬರಿನ ಅಂಕಿಯೇ ಉಳಿದಿರುತ್ತದೆ.

ಹಾಗಂತ ಅಭಿಮಾನಿಗಳು ದಡ್ಡರು ಅಂತ ನಾನು ಹೇಳುತ್ತಿಲ್ಲ. ಫೌಲ್ ವಿಷಯದಲ್ಲಿ ನಾನು ಪೂರ್ತಿ ಅವರ ಕಡೆ. ಐದು ಫೌಲ್ ಆದರೆ ಹೊರಗೆ ಅನ್ನುವುದು ನಿಯಮ. ಮೊದಲ ಕ್ವಾರ್ಟರಿನಲ್ಲೇ ಎರಡು ಫೌಲ್ ಆದ ಕೂಡಲೇ ಎಷ್ಟೋ ಕೋಚ್‌ಗಳು ಹುಡುಗಿಯನ್ನು ಹಾಫ್‌ಟೈಮ್‌ವರೆಗೆ ಕೂರಿಸಿಬಿಡುತ್ತಾರೆ. ಕೊನೆಗೆ ಅವಳು ಮೂರು ಫೌಲ್‌ನಲ್ಲಿ ಪಂದ್ಯ ಮುಗಿಸುತ್ತಾಳೆ. ಅವಳು ಐದು ಫೌಲ್ ಮಾಡಿ ಹೊರಗೆ ಹೋಗಿಬಿಟ್ಟರೆ ಅಂತ ಹೆದರಿ, ನಾವೇ ಅವಳನ್ನು ಹತ್ತು ನಿಮಿಷ ಹೊರಗಿಟ್ಟ ಹಾಗಾಯಿತು. “ಕೂರಿಸಿ ಏನು ಉಳಿಸಿದ್ರಿ?” ಎಂದು ಗ್ಯಾಲರಿಯಲ್ಲಿ ಕೂಗುವವನ ಪ್ರಶ್ನೆ ಸರಿಯಾಗಿಯೇ ಇದೆ. ಇದನ್ನು ಮೀಟಿಂಗಿನಲ್ಲಿ ಹೇಳಿದ್ದೇನೆ, ಅಂಕಿ ಸಮೇತ. ಹೆಡ್ ಕೋಚ್ ಅರ್ಧ ಒಪ್ಪಿದರು. ಎರಡು ಫೌಲ್ ಆದ ಮೇಲೂ ಒಬ್ಬಳ ಕೈಕಾಲು ಹಿಡಿತದಲ್ಲಿರುತ್ತದೆ, ಇನ್ನೊಬ್ಬಳು ಸಿಟ್ಟಿಗೆದ್ದು ಮುಂದಿನ ನಿಮಿಷದಲ್ಲೇ ಮೂರನೆಯದು ಮಾಡುತ್ತಾಳೆ, ಯಾರು ಯಾವ ತರಹ ಅಂತ ನನಗೆ ಗೊತ್ತು ಅಂದರು. ಈಗ ಇಬ್ಬರು ಮೂವರಿಗೆ ಆ ವಿನಾಯಿತಿ ಇದೆ. ಉಳಿದವರು ಕೂರುತ್ತಾರೆ.

ಯಾರು ಯಾವ ತರಹ ಅನ್ನುವುದು ಅವರಿಗೆ ಗೊತ್ತಾಗುವುದು ಪ್ರಾಕ್ಟೀಸಿನಲ್ಲಿ. ಸೀಸನ್ ನಡೆಯುವಾಗ ತಂಡ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಪ್ರಾಕ್ಟೀಸ್ ಮಾಡುವಂತಿಲ್ಲ, ಇದು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮ. ವಾರಕ್ಕೆ ಎರಡು ಪಂದ್ಯ ಅಂದರೆ ಅಭಿಮಾನಿ ನೋಡುವುದು 80 ನಿಮಿಷದ ಆಟ. ಕೋಚ್ ಅದರ ಎಷ್ಟೋ ಪಟ್ಟು ನೋಡಿರುತ್ತಾರೆ. ಎದುರಾಳಿ ಅಡ್ಡ ನಿಂತು ದಾರಿ ಕಟ್ಟುವ ಸ್ಕ್ರೀನ್ ಬಂದಾಗ ಬಾಯಿಬಿಟ್ಟು ಕೂಗುವವಳು ಯಾರು, ಸುಸ್ತಾದಾಗ ಓಡಿ ವಾಪಸ್ ಬರುವವಳು ಯಾರು, ಇವು ಪಂದ್ಯದ ಅಂಕಿಅಂಶದ ಪಟ್ಟಿಯಾದ ಬಾಕ್ಸ್ ಸ್ಕೋರಿನಲ್ಲಿ ಎಲ್ಲೂ ಇರುವುದಿಲ್ಲ. ನನ್ನ ಕೋಷ್ಟಕದಲ್ಲೂ ಇರುವುದಿಲ್ಲ. ಅದಕ್ಕೇ ವಾರಕ್ಕೊಂದು ದಿನವಾದರೂ ಲ್ಯಾಪ್‌ಟಾಪ್ ಬಿಟ್ಟು ಪ್ರಾಕ್ಟೀಸ್ ನೋಡಲು ಹೋಗುತ್ತೇನೆ. ಸುಮ್ನೆ ಗೋಡೆಗೆ ಒರಗಿ ನಿಲ್ಲುತ್ತೇನೆ, ಏನೂ ಬರೆದುಕೊಳ್ಳುವುದಿಲ್ಲ.

ಈ ವಾದಕ್ಕೆ ದೊಡ್ಡ ಉದಾಹರಣೆ ಬೇಕಾದರೆ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತಂಡ ನೋಡಿ. ಅಲ್ಲಿ ಕೋಚ್ ಡಾನ್ ಸ್ಟೇಲಿ. ಕಮಿಲಾ ಕಾರ್ಡೋಸೊ 2022-23ರಲ್ಲಿ ಅಲಿಯಾ ಬೋಸ್ಟನ್ ಹಿಂದೆ ಬೆಂಚಿನಿಂದ ಆಡುತ್ತಿದ್ದಳು. ಬೇರೆ ಎಲ್ಲೇ ಇದ್ದರೂ ಸ್ಟಾರ್ಟರ್, ಅಂದರೆ ಮೊದಲೇ ಕೋರ್ಟಿಗಿಳಿಯುವ ಐವರಲ್ಲಿ ಒಬ್ಬಳು, ಆಗುತ್ತಿದ್ದಳು. ಮರುವರ್ಷ ಬೋಸ್ಟನ್ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯೂಎನ್‌ಬಿಎಗೆ ಹೋದ ಮೇಲೆ ಅವಳದ್ದೇ ಜಾಗ. ತಂಡ 38 ಪಂದ್ಯ ಆಡಿ 38ನ್ನೂ ಗೆದ್ದಿತು. 2024ರ ರಾಷ್ಟ್ರೀಯ ಫೈನಲ್‌ನಲ್ಲಿ ಐಯೋವಾ ವಿರುದ್ಧ ಕಾರ್ಡೋಸೊ 15 ಪಾಯಿಂಟ್, 17 ರೀಬೌಂಡ್.

ಅದೇ ಫೈನಲ್‌ನ ಇನ್ನೊಂದು ಅಂಕಿಯನ್ನು ನಾನು ಹೊಸಬರಿಗೆ ತೋರಿಸುತ್ತಿರುತ್ತೇನೆ. ಕೈಟ್ಲಿನ್ ಕ್ಲಾರ್ಕ್ 30 ಪಾಯಿಂಟ್ ಹೊಡೆದಳು, ಅದರಲ್ಲಿ 18 ಮೊದಲ ಕ್ವಾರ್ಟರಿನಲ್ಲೇ. ಆದರೂ ಐಯೋವಾ 87-75ರಲ್ಲಿ ಸೋತಿತು. ಸೌತ್ ಕ್ಯಾರೊಲಿನಾ ಬೆಂಚಿನಿಂದ ಬಂದ ಪಾಯಿಂಟ್ 37. ಐಯೋವಾ ಬೆಂಚಿನಿಂದ ಸೊನ್ನೆ. ಅವತ್ತು ಸೌತ್ ಕ್ಯಾರೊಲಿನಾ ಪರ ಅತಿ ಹೆಚ್ಚು, 19 ಪಾಯಿಂಟ್ ಹೊಡೆದ ಟೆಸ್ಸಾ ಜಾನ್ಸನ್ ಮೊದಲ ವರ್ಷದ ಹುಡುಗಿ. ಅವಳೂ ಬೆಂಚಿನಿಂದಲೇ ಬಂದವಳು.

ಇಷ್ಟಕ್ಕೇ ನಿಲ್ಲಿಸಿದರೆ ಬೆಂಚಿನ ವಾದ ಗೆದ್ದ ಹಾಗೆ ಕಾಣುತ್ತದೆ. ಆದರೆ ಮಿಲೇಸಿಯಾ ಫುಲ್‌ವೈಲಿ ಕಥೆಯೂ ಅದೇ ತಂಡದ್ದು. ಆ ವಿಶ್ವವಿದ್ಯಾಲಯ ಇರುವ ಊರಿನದ್ದೇ ಹುಡುಗಿ. ಬೆನ್ನ ಹಿಂದಿನಿಂದ ಚೆಂಡು ತಿರುಗಿಸಿ ಹಾಕುವ ಅವಳ ಆಟಕ್ಕೆ ಜನ ಎದ್ದು ನಿಲ್ಲುತ್ತಿದ್ದರು. ಮೊದಲ ವರ್ಷವೇ, ಸೌತ್ ಕ್ಯಾರೊಲಿನಾ ಆಡುವ ಕಾನ್ಫರೆನ್ಸ್ ಆದ ಎಸ್‌ಇಸಿಯ 2024ರ ಟೂರ್ನಮೆಂಟಿನ ಅತ್ಯುತ್ತಮ ಆಟಗಾರ್ತಿ. ಎರಡೂ ವರ್ಷ ಸರಾಸರಿ 20 ನಿಮಿಷಕ್ಕಿಂತ ಕಡಿಮೆ ಆಡಿ 11ಕ್ಕೂ ಹೆಚ್ಚು ಪಾಯಿಂಟ್ ತಂದಳು. 2025ರಲ್ಲಿ ಎಸ್‌ಇಸಿಯ ಅತ್ಯುತ್ತಮ ಆರನೇ ಆಟಗಾರ್ತಿ, ಅಂದರೆ ಬೆಂಚಿನಿಂದ ಬರುವವರಲ್ಲಿ ಮೊದಲಿಗಳು. ಅವಳನ್ನು ಇನ್ನೂ ಜಾಸ್ತಿ ಆಡಿಸಿ ಎಂದು ಅಭಿಮಾನಿಗಳು ಎರಡು ವರ್ಷ ಕೂಗಿದರು. ಆ ವರ್ಷದ ಫೈನಲ್‌ನಲ್ಲಿ ತಂಡ ಯುಕಾನ್ ಎದುರು 82-59ರಲ್ಲಿ ಸೋತಿತು. ಅದೇ ತಿಂಗಳು ಅವಳು ಎಲ್‌ಎಸ್‌ಯು ಎಂಬ ಬೇರೆ ವಿಶ್ವವಿದ್ಯಾಲಯಕ್ಕೆ ಹೊರಟಳು.

ನೋಡಿದ್ರಾ ಅಂದರು ಒಂದು ಕಡೆಯವರು. ಇನ್ನೊಂದು ಕಡೆಯವರು, ಅದೇ ವರ್ಷ ತಂಡದಲ್ಲಿ ಪಾಯಿಂಟ್ ಸರಾಸರಿಯಲ್ಲಿ ಮೊದಲಿದ್ದ ಜಾಯ್ಸ್ ಎಡ್ವರ್ಡ್ಸ್ ಕೂಡ ಹೆಚ್ಚಿನ ಪಂದ್ಯ ಬೆಂಚಿನಿಂದಲೇ ಬಂದಳಲ್ಲ, ಅವಳು ಉಳಿದಳಲ್ಲ ಅಂದರು. ನನ್ನ ಅಭಿಪ್ರಾಯ ಕೇಳಿದರೆ, ಸ್ಟೇಲಿ ಲೆಕ್ಕವೂ ಸರಿ, ಫುಲ್‌ವೈಲಿ ಹೋದದ್ದೂ ಸರಿ. ಎಲ್ಲರಿಗೂ 20 ನಿಮಿಷ ಕೊಟ್ಟು ಗೆಲ್ಲುವ ತಂಡದಲ್ಲಿ ಒಬ್ಬಳಿಗೆ 32 ನಿಮಿಷ ಬೇಕು ಅನ್ನಿಸಿದರೆ ಜಗಳ ಯಾಕೆ, ಬೇರೆ ತಂಡ ಇದೆ.

ಮೊದಲು ಅಷ್ಟು ಸುಲಭ ಇರಲಿಲ್ಲ. ಕಾಲೇಜು ಬದಲಿಸಬೇಕೆನ್ನುವವರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬಂದದ್ದು 2018ರಲ್ಲಿ. ಆಗಲೂ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಿಂದ ಒಂದು ಸಲ ಹಾಗೇ ಹೋಗಬಹುದು ಅಂತಾಯಿತು. 2024ರಿಂದ ಓದಿನಲ್ಲಿ ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು. ಹೆಸರು ಮತ್ತು ಚಿತ್ರ ಬಳಸಿ ದುಡ್ಡು ಮಾಡಲು 2021ರ ಜುಲೈಯಿಂದ ಅವಕಾಶ ಇದೆ. ಹಾಗಾಗಿ ನಿಮಿಷ ಈಗ ಬರೀ ಆಸೆಯ ವಿಷಯ ಅಲ್ಲ, ದುಡಿಮೆಯ ವಿಷಯವೂ ಹೌದು. ನನ್ನ ವರದಿ ಈಗ ಸೀಸನ್ ಮುಗಿದ ಮೇಲಿನ ಮಾತುಕತೆಯಲ್ಲೂ ಟೇಬಲ್ ಮೇಲೆ ಇರುತ್ತದೆ. ಯಾರಿಗೂ ಇಷ್ಟೇ ನಿಮಿಷ ಕೊಡುತ್ತೇನೆ ಎಂದು ನಮ್ಮ ಹೆಡ್ ಕೋಚ್ ಮಾತು ಕೊಡುವುದಿಲ್ಲ. ಅದನ್ನು ಹತ್ತಿರದಿಂದ ನೋಡಿ, ನಾನೂ ಯಾವ ಆಟಗಾರ್ತಿಗೂ “ನಿನ್ನ ಅಂಕಿ ಚೆನ್ನಾಗಿದೆ, ಜಾಸ್ತಿ ಸಿಗಬೇಕು” ಅನ್ನುವ ಮಾತು ಆಡುವುದಿಲ್ಲ. ಅದು ನನ್ನ ಕೈಯಲ್ಲಿಲ್ಲದ ವಸ್ತು.

ಕಳೆದ ಸೀಸನ್ ಒಬ್ಬ ಗಾರ್ಡ್ ನನ್ನ ಕೋಣೆಗೆ ಬಂದಳು. ಸಂಘದಲ್ಲಿ ಎಲ್ಲರೂ ಕೇಳುವುದು ಅವಳ ಬಗ್ಗೆಯೇ. ನನ್ನನ್ನ ಯಾಕೆ ಆಡಿಸಲ್ಲ ಅಂತ ಕೇಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು, “ನನ್ನನ್ನು ಹೊರಗೆ ಕರೆಯುವ ಮುಂಚಿನ ಅರ್ಧ ನಿಮಿಷ ಏನಾಗಿರುತ್ತೆ, ಅದಷ್ಟನ್ನೇ ತೆಗೆದು ಕೊಡ್ತೀರಾ?” ವಿಡಿಯೋಗೂ ನನ್ನ ಕೋಷ್ಟಕಕ್ಕೂ ಸಮಯ ಹೊಂದಿಸಿ ತುಣುಕುಗಳನ್ನು ಒಟ್ಟುಮಾಡಿದೆ. ಇಬ್ಬರೂ ಕೂತು ನೋಡಿದೆವು. ಅವಳ ಶಾಟ್ ತಪ್ಪಿದ ತುಣುಕು ಬೆರಳೆಣಿಕೆಯಷ್ಟು. ಉಳಿದವೆಲ್ಲ ಡಿಫೆನ್ಸಿನವು: ಚೆಂಡು ಆ ಕಡೆ ಇದ್ದಾಗ ಇವಳು ಅದನ್ನೇ ನೋಡುತ್ತಾ ನಿಂತಿದ್ದಾಳೆ, ಅವಳ ಬೆನ್ನ ಹಿಂದಿನಿಂದ ಎದುರಾಳಿ ಬುಟ್ಟಿಯ ಕಡೆ ನುಗ್ಗಿ ಸಲೀಸಾಗಿ ಹಾಕುತ್ತಾಳೆ. ಒಂದಾದ ಮೇಲೊಂದು, ಅದೇ.

“ಛೆ,” ಅಂದಳು. ಮತ್ತೊಂದು ಸಲ ಹಾಕಿ ಅಂದಳು. ಅಸಿಸ್ಟೆಂಟ್ ಕೋಚ್ ಜೊತೆ ಕೂತು ನೋಡು ಎಂದು ಫೈಲ್ ಕಳಿಸಿದೆ. ಫೆಬ್ರವರಿ ಹೊತ್ತಿಗೆ ಅವಳ ನಿಮಿಷ ಏರಿತು, ನಾಲ್ಕನೇ ಕ್ವಾರ್ಟರಿನಲ್ಲೂ ಕಾಣಿಸತೊಡಗಿದಳು. ಸ್ಟಾರ್ಟರ್ ಆಗಲಿಲ್ಲ. ಅವಳಿಗೆ ಸಿಕ್ಕ ನಿಮಿಷ ಕೊನೆಯ ವರ್ಷದ ಒಬ್ಬ ಹುಡುಗಿಯದ್ದು. ಆ ಹುಡುಗಿಯ ಅಪ್ಪ ಅಮ್ಮ ಪ್ರತಿ ಪಂದ್ಯಕ್ಕೂ ನಮ್ಮ ಟೇಬಲ್ಲಿನ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದರು. ಮಾರ್ಚ್‌ನಲ್ಲಿ ಒಂದು ಟೈಮ್‌ಔಟಿನ ಹೊತ್ತಿಗೆ ಅವರೂ ನನ್ನನ್ನು ಕರೆದು ಅದೇ ಪ್ರಶ್ನೆ ಕೇಳಿದರು, ತಮ್ಮ ಮಗಳ ಹೆಸರು ಹೇಳಿ.