ನಿಮ್ಮಲ್ಲೂ ಹಣೆಬರಹ ಐತೇನ್ರಿ ಮೇಷ್ಟ್ರೇ?

ಈ ಪ್ರಶ್ನೆ ನನಗೆ ಸ್ಟಾಫ್ ರೂಮಿನಲ್ಲಿ ಬಂದಿದೆ, ಮದುವೆ ಊಟದ ಪಂಕ್ತಿಯಲ್ಲಿ ಬಂದಿದೆ. ಜಾಸ್ತಿ ಸಲ ಕೇಳಿದವರು ಮಾತ್ರ ದಾವಣಗೆರೆಯಲ್ಲಿ ನಾನು ಸಂಜೆ ಹೋಗುವ ಮಂಡಕ್ಕಿ ಮಿರ್ಚಿ ಅಂಗಡಿಯ ಅಣ್ಣ. "ದೇವರು ಕೆಲವರನ್ನ ಮೊದ್ಲೇ ಆರಿಸಿಟ್ಟಿರ್ತಾನೆ ಅಂತ ನಿಮ್ಮ ಬೈಬಲ್‌ನಾಗೇ ಐತಂತೆ. ಹಂಗಾದ್ರೆ ನೀವು ಭಾನುವಾರ ಚರ್ಚಿಗೆ ಹೋದ್ರೆಷ್ಟು, ಬಿಟ್ರೆಷ್ಟು?"

ಇದೆ, ನಿಜ. ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಇದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಒಂಬತ್ತನೇ ಅಧ್ಯಾಯದಲ್ಲಂತೂ ಅದನ್ನು ಬರೆದ ಅಪೊಸ್ತಲ ಪೌಲ ಇನ್ನೂ ಖಾರ. ಒಂದೇ ಮುದ್ದೆ ಮಣ್ಣಿನಲ್ಲಿ ಒಂದು ಒಳ್ಳೆ ಪಾತ್ರೆ, ಇನ್ನೊಂದು ಸಾಧಾರಣ ಪಾತ್ರೆ ಮಾಡೋಕೆ ಕುಂಬಾರನಿಗೆ ಹಕ್ಕಿಲ್ವಾ ಅಂತ ಕೇಳುತ್ತಾನೆ. ನಮ್ಮಪ್ಪನ ಹಳೇ ಬೈಬಲ್‌ನಲ್ಲಿ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಹಾಕಿದ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಯಾವಾಗ ಹಾಕಿದ್ದರೋ, ಕೇಳೋಣ ಅಂದರೆ ಈಗ ಅವರಿಲ್ಲ.

ಆದರೆ ಇದು ಹಣೆಬರಹ ಅಲ್ಲ. ಹಣೆಬರಹ ಅಂದರೆ ಅದರಲ್ಲಿ ಎಲ್ಲವೂ ಬಂತು: ಕೆಲಸ ಸಿಗದ್ದು, ಮದುವೆ ತಡವಾದದ್ದು, ಬಸ್ಸು ತಪ್ಪಿದ್ದು. ಕ್ರೈಸ್ತರು ಸಾವಿರದ ಆರುನೂರು ವರ್ಷದಿಂದ ಕಿತ್ತಾಡುತ್ತಿರುವುದು ಮುಖ್ಯವಾಗಿ ಒಂದೇ ವಿಷಯಕ್ಕೆ. ಪಾಪದಲ್ಲಿ ಬಿದ್ದ ಮನುಷ್ಯ ದೇವರ ಕಡೆ ತಿರುಗುತ್ತಾನಲ್ಲ, ಆ ಮೊದಲ ಹೆಜ್ಜೆ ಯಾರದು?

ಮನುಷ್ಯನದೇ ಅಂದ ಐದನೇ ಶತಮಾನದ ಆರಂಭದ ಕ್ರೈಸ್ತ ಬೋಧಕ ಪೆಲಾಜಿಯಸ್. ಆಫ್ರಿಕಾದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಪೆಲಾಜಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಯಾರನ್ನು ಉಳಿಸಬೇಕು ಅನ್ನೋದನ್ನ ಲೋಕ ಹುಟ್ಟುವ ಮೊದಲೇ ದೇವರು ತೀರ್ಮಾನಿಸಿದ್ದಾನೆ ಅಂದ ಹದಿನಾರನೇ ಶತಮಾನದಲ್ಲಿ ಜಿನೀವಾದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್. ಹಾಲೆಂಡಿನ ಅರ್ಮಿನಿಯಸ್‌ಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅವನು ಸತ್ತ ಮೇಲೆ, 1618-19ರಲ್ಲಿ ಹಾಲೆಂಡಿನ ಡಾರ್ಟ್ ಊರಲ್ಲಿ ಸೇರಿದ ಚರ್ಚ್ ಸಭೆ ಅವನ ಕಡೆಯವರದು ತಪ್ಪು ಅಂತ ತೀರ್ಪು ಕೊಟ್ಟಿತು. ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿ ಅರ್ಮಿನಿಯಸ್‌ನ ಪರ ನಿಂತ.

ಅಂಗಡಿ ಅಣ್ಣನಿಗೆ ಇಷ್ಟೆಲ್ಲ ಹೇಳೋಕಾಗುತ್ತಾ? ಎಣ್ಣೆ ಕಾಯ್ತಾ ಇತ್ತು. ಅವರ ಊರು ಭದ್ರಾ ನಾಲೆಯ ಕೊನೇ ಭಾಗದ್ದು. ಹಾಗಾಗಿ ನೀರಿನ ಮಾತಲ್ಲೇ ಹೇಳಿದೆ. "ಪೆಲಾಜಿಯಸ್ಸು, ನಾಲೆ ಯಾಕೆ, ಬಾವಿ ತೋಡ್ಕೊ ಅಂತಾನೆ. ವೆಸ್ಲಿ, ನೀರು ಡ್ಯಾಮಿನಿಂದಲೇ ಬರಬೇಕು, ತೂಬು ಎತ್ತೋ ಶಕ್ತಿನೂ ದೇವರೇ ಕೊಡ್ತಾನೆ, ಎತ್ತೋದು ಬಿಡೋದು ಮಾತ್ರ ನಿನಗೆ ಬಿಟ್ಟಿದ್ದು ಅಂತಾನೆ. ಕ್ಯಾಲ್ವಿನ್ನು, ಎತ್ತೋ ಮನಸ್ಸನ್ನೂ ದೇವರೇ ಕೊಡ್ತಾನೆ, ಕೊಟ್ಟ ಮೇಲೆ ಎತ್ತದೇ ಇರೋಕಾಗಲ್ಲ ಅಂತಾನೆ."

ಅವರು ಮಿರ್ಚಿ ಮಗುಚುತ್ತಾ ಅಂದರು: "ತೂಬಿನ ಮಾತು ಆಮೇಲೆ ಮೇಷ್ಟ್ರೇ. ನೀರು ನಮ್ಮೂರ ತನಕ ಬರ್ತತೋ ಇಲ್ವೋ, ಅದನ್ನ ಹೇಳ್ರಿ."

ಒಂದು ಪುಸ್ತಕವನ್ನೂ ಓದದೆ ಜಗಳದ ಬುಡಕ್ಕೇ ಕೈ ಹಾಕಿದ್ದರು. ಉಳಿಸುವ ಕೃಪೆ ಆರಿಸಿಕೊಂಡವರಿಗೆ ಮಾತ್ರ ಅನ್ನುತ್ತದೆ ಡಾರ್ಟ್. ಕೊನೇ ಹೊಲಕ್ಕೂ ಬರುತ್ತದೆ ಅನ್ನುತ್ತಾನೆ ವೆಸ್ಲಿ. 1739ರಲ್ಲಿ ಇದೇ ವಿಷಯಕ್ಕೆ ಕಟುವಾಗಿ ಪ್ರಸಂಗ ಮಾಡಿ, ಕ್ಯಾಲ್ವಿನ್ ಪರ ಇದ್ದ ಗೆಳೆಯ, ಬೋಧಕ ವೈಟ್‌ಫೀಲ್ಡ್‌ನನ್ನೂ ಎದುರುಹಾಕಿಕೊಂಡ. ನಾನು ವೆಸ್ಲಿ ಕಡೆ. ನಮ್ಮ ತಾತ ವೆಸ್ಲಿಯನ್ ಮಿಷನ್‌ನವರ ಶಾಲೆಯಲ್ಲಿ ಓದಿದ್ದಕ್ಕೇ ನಾನು ಹೀಗಾದೆನಾ ಅಂತ ಒಮ್ಮೊಮ್ಮೆ ಅನುಮಾನ ಬರುತ್ತೆ. ಸ್ವತಂತ್ರ ಆಯ್ಕೆಯ ಪರ ವಾದಿಸುವವನ ಆಯ್ಕೆ ಇಷ್ಟರದು ನೋಡಿ!

1947ರಲ್ಲಿ ವೆಸ್ಲಿ ಪರಂಪರೆಯ ಮೆಥಡಿಸ್ಟರು, ಆಂಗ್ಲಿಕನ್ನರು, ಕ್ಯಾಲ್ವಿನ್ ಪರಂಪರೆಯ ಪ್ರೆಸ್ಬಿಟೇರಿಯನ್ನರು ಎಲ್ಲ ಸೇರಿ ದಕ್ಷಿಣ ಭಾರತ ಸಭೆ ಆಯಿತು. ಹಾಗಾಗಿ ಎರಡೂ ಕಡೆಯವರ ಮೊಮ್ಮಕ್ಕಳು ಈಗ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಆರಾಧನೆ ಮುಗಿದ ಮೇಲೆ ಮಳೆ, ಮಕ್ಕಳ ಫೀಸು, ಭತ್ತದ ರೇಟು ಮಾತಾಡುತ್ತೇವೆಯೇ ಹೊರತು ಇದನ್ನಲ್ಲ.

ಇನ್ನು ಚರ್ಚಿಗೆ ಹೋದರೆಷ್ಟು ಅನ್ನೋ ಪ್ರಶ್ನೆ. ಹೇಗೂ ಆರಿಸಿದ್ದಾಗಿದೆ, ಸುಮ್ನೆ ಕೂತಿರಿ ಅಂತ ಕ್ಯಾಲ್ವಿನ್ ಕೂಡ ಹೇಳಲಿಲ್ಲ. ಪ್ರಾರ್ಥನೆ, ಪ್ರಸಂಗ ಎಲ್ಲ ದೇವರು ತನ್ನ ಕೆಲಸ ನಡೆಸುವ ದಾರಿಗಳೇ ಅಂದ. ಅಷ್ಟರ ಮಟ್ಟಿಗೆ ಅವನೂ ವೆಸ್ಲಿಯೂ ಒಂದೇ.

ಆದರೆ ಕ್ಯಾಲ್ವಿನ್ ಕಡೆಯವರ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಂದೇ ನಾಲೆ, ಒಂದೇ ನೀರು. ಪಕ್ಕದ ಹೊಲದವನು ತೂಬು ಎತ್ತಲಿಲ್ಲ, ನಾನು ಎತ್ತಿದೆ. ಹಾಗಾದರೆ ನಾನೇ ಅವನಿಗಿಂತ ಒಳ್ಳೆಯವನಾ? ಹೌದು ಅನ್ನೋಕೆ ಬಾಯಿ ಬರಲ್ಲ. ಇದನ್ನು ಇನ್ನೂ ಅಂಗಡಿ ಅಣ್ಣನ ಹತ್ತಿರ ಹೇಳಿಲ್ಲ.