ಇಟಗಿಗೆ ಹೋಗುವವರು ಮೊದಲು ವಾಪಸ್ ಬಸ್ ಕೇಳಿ

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ ನೋಡಲು ಹೊರಟವರು ದಾರಿ ತಪ್ಪುವುದು ರಸ್ತೆಯಲ್ಲಲ್ಲ, ಮೊಬೈಲ್‌ನಲ್ಲಿ. ಇದೇ ಹೆಸರಿನ ಊರು ಖಾನಾಪುರ ತಾಲ್ಲೂಕಿನಲ್ಲಿದೆ, ಉತ್ತರ ಕನ್ನಡದ ಸಿದ್ದಾಪುರದಲ್ಲೂ ಇದೆ. ಹೂವಿನಹಡಗಲಿ ಕಡೆ ಇಟ್ಟಿಗಿ ಬೇರೆ. ಜನಸಂಖ್ಯೆ, ಪಿನ್‌ಕೋಡ್ ಕೊಡುವ ಜಾಲತಾಣಗಳಲ್ಲಿ ಜಿಲ್ಲೆ ನೋಡದೆ ಮುಂದಕ್ಕೆ ಓದಬೇಡಿ. ಇನ್ನೊಂದು ತೊಡಕು ತಾಲ್ಲೂಕಿನದು. ಆ ಜಾಲತಾಣಗಳಲ್ಲಿ ಇರುವುದು ಹೆಚ್ಚಾಗಿ 2011ರ ಜನಗಣತಿಯ ಲೆಕ್ಕ, ಆಗ ಇಟಗಿ ಯಲಬುರ್ಗಾ ತಾಲ್ಲೂಕಿನಲ್ಲಿತ್ತು. ಅದನ್ನು ನಂಬಿ ಯಲಬುರ್ಗಾಕ್ಕೆ ಹೋಗಿ ಇಳಿದರೆ ಸುಮ್ಮನೆ ಸುತ್ತು. ಈಗಿನ ತಾಲ್ಲೂಕು ಕುಕನೂರು, ಅಲ್ಲಿಂದ ಇಟಗಿ ಸುಮಾರು 7 ಕಿ.ಮೀ.

ಜನಗಣತಿಯ ಗ್ರಾಮ ಪಟ್ಟಿಯಲ್ಲಿ ಬಸ್, ರೈಲು ಊರಲ್ಲೇ ಇದ್ದರೆ ‘ಇದೆ’ ಅಂತ ಇರುತ್ತದೆ. ಇಲ್ಲದಿದ್ದರೆ ದೂರದ ಗುರುತು: 5 ಕಿ.ಮೀ. ಒಳಗೆ ‘ಎ’, 5ರಿಂದ 10ಕ್ಕೆ ‘ಬಿ’, ಅದಕ್ಕೂ ಹೆಚ್ಚಿದ್ದರೆ ‘ಸಿ’. ದಿನಕ್ಕೆ ಒಂದು ಬಸ್ ಬಂದರೂ ‘ಇದೆ’, ಇಪ್ಪತ್ತು ಬಂದರೂ ‘ಇದೆ’. ಎಷ್ಟು ಗಂಟೆಗೆ ಅನ್ನುವುದಂತೂ ಎಲ್ಲೂ ಸಿಗದು.

ಪೆಟ್ಟು ಬೀಳುವುದು ಇಲ್ಲೇ. ಈ ಭಾಗದ ಹಳ್ಳಿಗಳಿಗೆ ಸಂಜೆ ಹೋಗುವ ಕೊನೆಯ ಬಸ್ ಬಹಳಷ್ಟು ಕಡೆ ವಸ್ತಿ ಬಸ್. ರಾತ್ರಿ ಊರಲ್ಲೇ ನಿಂತು ಬೆಳಗ್ಗೆ ಹೊರಡುತ್ತದೆ. ಸಂಜೆ ಬಸ್ ಇದೆ ಅಂದಾಕ್ಷಣ ಅದು ತಿರುಗಿ ಬರುತ್ತದೆ ಅಂದುಕೊಳ್ಳಬೇಡಿ. ಕುಕನೂರಿನಲ್ಲಿ ಕಂಡಕ್ಟರನ್ನೇ ಕೇಳಿ: ‘ಇದು ವಸ್ತಿನೋ, ತಿರುಗಿ ಬರ್ತದೋ?’ ಹಳ್ಳಿ ಟ್ರಿಪ್‌ಗಳು ಶಾಲೆ, ಸಂತೆಯ ಹೊತ್ತಿಗೆ ಹೊಂದಿಕೊಂಡಿರುತ್ತವೆ. ಹಾಗಾಗಿ ಭಾನುವಾರ, ಬೇಸಿಗೆ ರಜೆ, ಜನವರಿಯ ಕೊಪ್ಪಳದ ಗವಿಮಠ ಜಾತ್ರೆಯ ದಿನಗಳಲ್ಲಿ ಹಿಂದಿನ ದಿನದ ಸಮಯ ನೆಚ್ಚಿಕೊಂಡು ಹೋಗಬಾರದು.

ಬೆಳಗ್ಗೆ ಎಂಟರಿಂದ ಒಂಬತ್ತೂವರೆವರೆಗೆ ಕಾಲೇಜು ಹುಡುಗರ ಗದ್ದಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟವೂ ಹೆಚ್ಚಿದೆ (ಒಳ್ಳೆಯದೇ). ಹೆಣ್ಣುಮಕ್ಕಳು ಆಧಾರ್‌ನಂಥ ಸರ್ಕಾರಿ ಗುರುತಿನ ಚೀಟಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಟಿಕೆಟ್ ಹಣ ಕೊಡಬೇಕು. ನಿಂತು ಹೋಗಲು ಆಗದವರು ಹತ್ತರ ನಂತರ ಹೊರಡಿ.

ಬಸ್ ತಪ್ಪಿದರೆ ಟಂಟಂ (ಮೂರು ಗಾಲಿಯ ಆಟೊ). ಶೇರಿಂಗ್ ಗಾಡಿ ತುಂಬುವ ತನಕ ಹೊರಡುವುದಿಲ್ಲ, ಹಿಂದೆ ಕಾಲು ಇಳಿಬಿಟ್ಟು ಕೂರುವವರೂ ಲೆಕ್ಕಕ್ಕೆ ಸೇರುತ್ತಾರೆ. ‘ಸ್ಪೆಷಲ್’ ಮಾಡಿಸುವುದಾದರೆ ಹೋಗಿ ಬರುವುದು, ಗುಡಿ ಹತ್ತಿರ ಕಾಯುವುದು ಎರಡೂ ಸೇರಿಯೇ ಎಷ್ಟು ಎಂದು ಮೊದಲೇ ಮುಗಿಸಿ. ಹೇಳಿದ ದರ ಒಂದು ಕಡೆಯದು ಅಂತ ಗುಡಿ ಮುಂದೆ ಇಳಿದ ಮೇಲೆ ಗೊತ್ತಾಗುವ ಆಟ ಇಲ್ಲೂ ಉಂಟು. ಪೂರ್ತಿ ದುಡ್ಡು ಕುಕನೂರಿಗೆ ಮರಳಿದ ಮೇಲೆಯೇ ಕೊಡಿ.

ಹೊಟ್ಟೆಗೆ ಕುಕನೂರಲ್ಲೇ ಹಾಕಿಕೊಂಡು ಹೊರಡುವುದು ಜಾಣತನ. ಬೆಳಗಿನ ಒಗ್ಗರಣಿ-ಮಿರ್ಚಿಗೆ ದೊಡ್ಡ ಬೋರ್ಡಿನ ಹೋಟೆಲ್ ಬೇಡ, ತಗಡಿನ ಅಂಗಡಿಯೇ ಸರಿ. ಮಂಡಾಳನ್ನು (ಮಂಡಕ್ಕಿ) ನೀರಿಗೆ ಹಾಕಿ ತಕ್ಷಣ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಸುರಿದು, ಮೇಲೆ ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಕೊಟ್ಟರೆ ಬಾಯಿಗೆ ಮೆತ್ತಗೆ, ಹೊಟ್ಟೆಗೆ ಹಗುರ. ಮಿರ್ಚಿ ಮಾತ್ರ ಬಾಣಲೆಯಿಂದ ತೆಗೆದದ್ದೇ ಬೇಕು. ತಟ್ಟೆಯಲ್ಲಿ ಜೋಡಿಸಿಟ್ಟದ್ದು ಎಣ್ಣೆ ಕುಡಿದು ಮೆತ್ತಗಾಗಿರುತ್ತದೆ. ಹನ್ನೊಂದಾದರೆ ಒಗ್ಗರಣಿಯೂ ಒಣಗುತ್ತದೆ. ಮಧ್ಯಾಹ್ನಕ್ಕೆ ಖಾನಾವಳಿಯ ರೊಟ್ಟಿ, ಎಣಗಾಯಿ ಇದ್ದೇ ಇದೆ.

ಗುಡಿ 1112ರದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎನ್ನುತ್ತದೆ. ಕಂಬಗಳಿಗೇ ಒಂದು ತಾಸು ಬೇಕು. ಏಪ್ರಿಲ್-ಮೇನಲ್ಲಿ ಹನ್ನೆರಡರ ಮೇಲೆ ಅಂಗಳದ ಕಲ್ಲಿನ ಮೇಲೆ ಬರಿಗಾಲಿಡಲು ಆಗದು, ನೀರು ಒಯ್ಯಿರಿ.

ರೈಲಿನವರಿಗೆ: ತಳಕಲ್‌ನಿಂದ ಕುಕನೂರು, ಯಲಬುರ್ಗಾ ಮೇಲೆ ಕುಷ್ಟಗಿಗೆ 2025ರ ಮೇನಲ್ಲಿ ರೈಲು ಶುರುವಾಗಿದೆ. ಹಳೆಯ ಪಟ್ಟಿಗಳಲ್ಲಿ ಈ ಮಾರ್ಗವೇ ಇಲ್ಲ. ಹತ್ತಿರದ ನಿಲ್ದಾಣ ಅಂತ ಬಾಣಾಪುರ, ಬನ್ನಿಕೊಪ್ಪದ ಹೆಸರು ಕಂಡರೆ ನಿಮ್ಮ ಗಾಡಿ ಅಲ್ಲಿ ನಿಲ್ಲುತ್ತದೆಯೇ ನೋಡಿಕೊಳ್ಳಿ, ಎಲ್ಲ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ. ಅನುಮಾನವಿದ್ದರೆ ಕೊಪ್ಪಳದಲ್ಲಿಳಿದು ಕುಕನೂರು ಬಸ್ ಹಿಡಿಯಿರಿ.