ಯುರೇನಿಯಂ ಗಣಿ ಕ್ಲೀನ್ ಮಾಡುವಾಗ ಮೊದಲು ನೋಡಬೇಕಾದ್ದು ಬೇಲಿಯ ಹೊರಗೆ

ಮುಚ್ಚಿ ಬಿಟ್ಟುಹೋದ ಯುರೇನಿಯಂ ಗಣಿಗಳ ತ್ಯಾಜ್ಯ ತೆಗೆಸುವುದು ನನ್ನ ಕೆಲಸ. ಹೊಸದಾಗಿ ತಂಡಕ್ಕೆ ಬಂದವರು ಮೊದಲು ಗಣಿಯ ನಕ್ಷೆ ಕೇಳುತ್ತಾರೆ. ನಾನು ಅವರನ್ನು ನಕ್ಷೆಯಲ್ಲಿ ಇಲ್ಲದ ಜಾಗಗಳಿಗೆ ಕರೆದುಕೊಂಡು ಹೋಗುತ್ತೇನೆ. ಅದಿರಿನ ಲಾರಿ ಓಡಾಡಿದ ಹಳೇ ದಾರಿ, ಮಳೆನೀರು ಹರಿಯುವ ಹಳ್ಳ, ಸುತ್ತಲಿನ ಮನೆಗಳು. ತ್ಯಾಜ್ಯ ಗಣಿಯೊಳಗೆ ಎಷ್ಟಿದೆ ಅನ್ನುವುದಕ್ಕಿಂತ ಹೊರಗೆ ಎಲ್ಲೆಲ್ಲಿ ಹೋಗಿದೆ ಅನ್ನುವುದೇ ಕಷ್ಟದ ಪ್ರಶ್ನೆ.

ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ನೆಲದಲ್ಲಿ 1944ರಿಂದ 1986ರವರೆಗೆ ಸುಮಾರು 3 ಕೋಟಿ ಟನ್ ಅದಿರು ತೆಗೆದರು. ಬಿಟ್ಟುಹೋದ ಗಣಿಗಳು ಅಲ್ಲಿ 500ಕ್ಕೂ ಜಾಸ್ತಿ. ಗಣಿಯ ಬಳಿ ಬಿದ್ದಿದ್ದ ಕಲ್ಲನ್ನೇ ತಂದು ಎಷ್ಟೋ ಜನ ಮನೆ ಕಟ್ಟಿಕೊಂಡರು. ಕೊಲರಾಡೊದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಅದಿರು ಅರೆದು ಉಳಿದ ಟೇಲಿಂಗ್ಸ್ ಅನ್ನು ಮನೆ ಕಟ್ಟುವ ಕೆಲಸಕ್ಕೆ ಬಳಸಿದರು. ನೋಡುವುದಕ್ಕೆ ಅದು ಒಳ್ಳೇ ಮರಳು, ಯಾರಿಗೆ ಅನುಮಾನ ಬರುತ್ತೆ ಹೇಳಿ?

ಆ ಮರಳಿನಿಂದ ಯುರೇನಿಯಂ ತೆಗೆದಾಗಿದೆ, ನಿಜ. ಆದರೆ ಅದಿರಿನಲ್ಲಿದ್ದ ವಿಕಿರಣದಲ್ಲಿ ನೂರಕ್ಕೆ ಸುಮಾರು 85 ಭಾಗ ಅಲ್ಲೇ ಉಳಿದಿರುತ್ತದೆ. ಥೋರಿಯಂ ಇರುತ್ತದೆ, ರೇಡಿಯಂ ಇರುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅದರಿಂದ ರೇಡಾನ್ ಅನಿಲ ಹುಟ್ಟಿ, ನೆಲದ ಬಿರುಕಿನಿಂದ ಮೇಲೆದ್ದು ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ವರ್ಷಾನುಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಅದಕ್ಕೇ ಮನೆಗಳ ಪಟ್ಟಿ ಮೊದಲು ಆಗಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ವಿಕಿರಣ ಅಳೆಯುವ ಮೀಟರ್ ಒಂದಿದ್ದರೆ ಎಲ್ಲ ಗೊತ್ತಾಗುತ್ತೆ ಅಂದುಕೊಳ್ಳಬೇಡಿ. ಅದನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು ಸಾಲು ಬಿಡದೆ ನಿಧಾನವಾಗಿ ನಡೆಯುತ್ತೇವೆ. ಅದಕ್ಕೆ ಮುಖ್ಯವಾಗಿ ಸಿಗುವುದು ರೇಡಿಯಂ ಕ್ಷಯಿಸುತ್ತಾ ಹೋದಾಗ ಹುಟ್ಟುವ ಬಿಸ್ಮತ್, ಸೀಸಗಳ ಗಾಮಾ ಕಿರಣ. ಮೇಲೆ ಅರ್ಧ ಮೀಟರ್ ಮಣ್ಣು ಬಿದ್ದಿದ್ದರೆ ಅದೂ ಹೆಚ್ಚುಕಡಿಮೆ ಅಡಗಿಬಿಡುತ್ತದೆ. ಆಗ ಗುಂಡಿ ತೋಡಿ ಮಣ್ಣನ್ನು ಲ್ಯಾಬಿಗೆ ಕಳಿಸುವುದೇ ದಾರಿ. ಇನ್ನೊಂದು ತೊಡಕೂ ಇದೆ. ಯುರೇನಿಯಂ ಇರುವ ನೆಲದಲ್ಲಿ ಯಾರೂ ಅಗೆಯದಿದ್ದರೂ ಮೀಟರ್ ಜಾಸ್ತಿಯೇ ತೋರಿಸುತ್ತದೆ. ಅದೇ ಜಾತಿಯ ಕಲ್ಲಿರುವ, ಯಾರೂ ಕೈ ಹಾಕದ ಜಾಗ ಹುಡುಕಿ ಅಲ್ಲಿನ ಅಳತೆಯನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಇದನ್ನು ಬಿಟ್ಟರೆ ಸುಮ್ನೆ ಗುಡ್ಡವನ್ನೇ ಕೆರೆಯುತ್ತಾ ಕೂರಬೇಕಾಗುತ್ತದೆ.

ಮೀಟರ್‌ಗಿಂತ ಮೊದಲು ದಾರಿ ತೋರಿಸುವವರು ಅಲ್ಲಿನ ಹಿರಿಯರು. ಒಂದು ಕಡೆ, ಹಿಂದೆ ಅದೇ ಗಣಿಯಲ್ಲಿ ದುಡಿದಿದ್ದ ಅಜ್ಜ ಒಬ್ಬರು ಹಳ್ಳದ ಪಕ್ಕದ ತಿರುವಿನಲ್ಲಿ ನಿಂತು ಕೋಲಿನಿಂದ ನೆಲ ಕುಟ್ಟಿ ತೋರಿಸಿದರು. ಮಳೆಗಾಲದಲ್ಲಿ ಏರು ಹತ್ತಲಾಗದೆ ಲಾರಿಗಳು ಅಲ್ಲೇ ಅರ್ಧ ಲೋಡು ಸುರಿದು ಹೋಗುತ್ತಿದ್ದವಂತೆ. ಅಲ್ಲಿ ಹುಲ್ಲು ಬೆಳೆದಿತ್ತು, ದನ ಮೇಯುತ್ತಿದ್ದವು. ಮೀಟರ್ ಹಿಡಿದರೆ ಟಿಕ್ ಟಿಕ್ ಅನ್ನುತ್ತಿದ್ದ ಸದ್ದು ಒಂದೇ ಸಮನೆ ಕೊರೆಯತೊಡಗಿತು. ಹಳೇ ಕಾಗದಗಳಲ್ಲಿ ಆ ತಿರುವಿನ ಹೆಸರೇ ಇರಲಿಲ್ಲ.

ಅಗೆಯುವಾಗ ನಮ್ಮ ಭಯ ಧೂಳಿನದ್ದು. ನಾವು ಸೀಸದ ಅಂಗಿ ಹಾಕಿಕೊಳ್ಳುತ್ತೇವೆ ಅಂತ ತುಂಬ ಜನ ತಿಳಿದಿದ್ದಾರೆ. ನಿಜಕ್ಕೂ ಬೇಕಾದ್ದು ಮೂಗು-ಬಾಯಿಗೆ ಸರಿಯಾಗಿ ಕೂರುವ ಮಾಸ್ಕ್ ಮತ್ತು ನೀರಿನ ಟ್ಯಾಂಕರ್. ನೆಲ ಒದ್ದೆಯಾಗುವಷ್ಟು ಸಿಂಪಡಿಸಬೇಕು, ಹರಿದುಹೋಗುವಷ್ಟಲ್ಲ. ಗಾಳಿ ಎದ್ದರೆ ಯಂತ್ರ ನಿಲ್ಲಿಸಬೇಕು. ಹೊರಗೆ ಹೋಗುವ ಲಾರಿಯ ಟೈರು ತೊಳೆಯದೆ ಬಿಟ್ಟರೆ ನಾವೇ ಇನ್ನೊಂದು ದಾರಿ ಕೆಡಿಸಿದ ಹಾಗೆ.

ತೆಗೆದದ್ದನ್ನು ಸುಡಲಾಗದು, ಕರಗಿಸಲಾಗದು. ನೀರು ತಾಕದ ಕಡೆ ಒಯ್ದು ಮುಚ್ಚಬೇಕು, ಅಷ್ಟೇ. ಯೂಟಾದ ಮೋವಬ್‌ನಲ್ಲಿ ಕೊಲರಾಡೊ ನದಿಯ ದಂಡೆಯಲ್ಲಿದ್ದ ಸುಮಾರು 1.6 ಕೋಟಿ ಟನ್ ಟೇಲಿಂಗ್ಸ್ ರಾಶಿಯನ್ನು ರೈಲಿನಲ್ಲಿ 48 ಕಿಲೋಮೀಟರ್ ದೂರ ಸಾಗಿಸುವ ಕೆಲಸ 2009ರಲ್ಲಿ ಶುರುವಾಯಿತು. ಖರ್ಚು ಜಾಸ್ತಿ ಅನ್ನುವವರಿಗೆ ನಾನು ನ್ಯೂ ಮೆಕ್ಸಿಕೊದ ಚರ್ಚ್ ರಾಕ್ ನೆನಪಿಸುತ್ತೇನೆ. 1979ರ ಜುಲೈ 16ರಂದು ಅಲ್ಲಿ ಟೇಲಿಂಗ್ಸ್ ಕಟ್ಟೆ ಒಡೆದು ಸುಮಾರು 35 ಕೋಟಿ ಲೀಟರ್ ವಿಕಿರಣದ ನೀರು ಪ್ವೆರ್ಕೊ ನದಿಗೆ ನುಗ್ಗಿತು.

ತ್ಯಾಜ್ಯದ ಮೇಲಿನ ಮುಚ್ಚಿಗೆ ಸಾಧ್ಯವಾದರೆ 1,000 ವರ್ಷ, ಏನೇ ಆದರೂ ಕನಿಷ್ಠ 200 ವರ್ಷ ತಾಳಬೇಕು ಎಂಬುದು ಅಮೆರಿಕದ ನಿಯಮ. ಜೇಡಿಮಣ್ಣಿನ ಪದರ ರೇಡಾನನ್ನು ತಡೆದು ನಿಲ್ಲಿಸುತ್ತದೆ, ಮೇಲಿನ ಕಲ್ಲು ಮಳೆಯ ಕೊರೆತ ತಡೆಯುತ್ತದೆ. ಆಳಕ್ಕೆ ಬೇರು ಬಿಡುವ ಗಿಡ, ಬಿಲ ತೋಡುವ ಪ್ರಾಣಿ ಎರಡೂ ಅದಕ್ಕೆ ಆಗದು. ಹಾಗಾಗಿ ಕೆಲಸ ಮುಗಿದ ಮೇಲೂ ಯಾರಾದರೂ ವರ್ಷವರ್ಷ ಹೋಗಿ ನೋಡಬೇಕು. ಆ ನೋಡುವವರ ಪಟ್ಟಿಗೆ ನಾನು ಮುಚ್ಚಿದ ಗುಡ್ಡದ ಜೊತೆ ಹಳೇ ಲಾರಿ ದಾರಿಯನ್ನೂ ಹಳ್ಳದ ಕೆಳಗಿನ ಬಾವಿಗಳನ್ನೂ ಸೇರಿಸುತ್ತೇನೆ.